ಕಿಟಕಿ ಸೋರಿಕೆ ನಿಲ್ಲಿಸಲು ಮೊದಲು ಅಂಟಿನ ಗನ್ ಬದಲಿಸಿದೆ

ಕಲಬುರಗಿಯ ನಮ್ಮ ಮನೆಯಲ್ಲಿ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿಗೂ ಅದರ ಕೆಳಗಿನ ಶಹಾಬಾದ್ ಕಲ್ಲಿಗೂ ನಡುವೆ ಸಂದು ಬಿಟ್ಟು, ಮಳೆ ಬಂದಾಗಲೆಲ್ಲ ಗೋಡೆ ನೆನೆಯುತ್ತಿತ್ತು. ಅಂಗಡಿಯಲ್ಲಿದ್ದ ಅತಿ ಅಗ್ಗದ ಸಿಲಿಕಾನ್ ಗನ್ (ಕೊಳವೆಯಿಂದ ಅಂಟನ್ನು ಒತ್ತಿ ತೆಗೆಯುವ ಸಾಧನ) ತಂದು, ಸಂದು ಮುಚ್ಚುವ ಗಟ್ಟಿಯಾದ ಪಾಲಿಯುರೆಥೇನ್ ಅಂಟು ಹಾಕಿ ಒತ್ತಿದೆ. ಗನ್ನಿನ ತಗಡೇ ಬಾಗಿತು! ಕೈ ಬಿಟ್ಟ ಮೇಲೂ ಮೂತಿಯಿಂದ ಅಂಟು ಸುರಿಯುತ್ತಲೇ ಇತ್ತು. ಸಂದಿಗಿಂತ ನನ್ನ ಲುಂಗಿಗೇ ಹೆಚ್ಚು ಮೆತ್ತಿತು.

"ಅಂಟನ್ನು ತಳ್ಳುವ ಸಲಾಕೆ ಹಲ್ಲಿನದು ಬೇಡ ಕಾಕಾ, ನುಣುಪಾದದ್ದು ಒಯ್ಯಿರಿ" ಎಂದ ಅಂಗಡಿಯ ಹುಡುಗ. ಗನ್ ಕೊಳ್ಳುವಾಗ ನೋಡಬೇಕಾದ ಇನ್ನೊಂದು, ಬಲದ ಅನುಪಾತ. 12:1 ಎಂದರೆ ಹಿಡಿಕೆಯ ಮೇಲಿನ ಬಲ ಸುಮಾರು 12 ಪಟ್ಟಾಗಿ ಕೊಳವೆಯಲ್ಲಿನ ಅಂಟನ್ನು ತಳ್ಳುತ್ತದೆ. ಸಾಧಾರಣ ಸಿಲಿಕಾನ್‌ಗೆ ಅಷ್ಟು ಸಾಕು, ಗಟ್ಟಿ ಅಂಟಿಗೆ 18:1 ಆದರೂ ಬೇಕು. ಅನುಪಾತ ಹೆಚ್ಚಾದಷ್ಟೂ ಸಲಾಕೆ ಮುಂದೆ ಸರಿಯುವುದು ನಿಧಾನ, ಆದರೆ ಮಣಿಕಟ್ಟು ಉಳಿಯುತ್ತದೆ. ಹಿಂದಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಒತ್ತಡ ಇಳಿದು ಸುರಿಯುವುದೂ ನಿಲ್ಲುತ್ತದೆ.

ಅಂದ ಹಾಗೆ, ಶಹಾಬಾದ್ ಕಲ್ಲು ಸುಣ್ಣಕಲ್ಲು. ವಿನಿಗರ್ ವಾಸನೆಯ ಸಿಲಿಕಾನ್‌ನ ಆಮ್ಲ ಅದಕ್ಕೆ ಆಗದು. ಸಿಲಿಕಾನ್ ಬಳಸುವವರು ಆ ಆಮ್ಲ ಬಿಡದ 'ನ್ಯೂಟ್ರಲ್' ಎಂದು ಕೇಳಿ ತನ್ನಿ.

ಹೊಸ ಗನ್ನಿನಲ್ಲಿ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಲುಂಗಿಯ ಕಲೆ ಮಾತ್ರ ಇನ್ನೂ ಹೋಗಿಲ್ಲ.