ಕ್ಯಾಲಿಫೋರ್ನಿಯಾದ ಪ್ರೈಮರಿ: ಮತ ಹಾಕುವ ಬಗೆ, ಪಕ್ಷದೊಳಗೆ ಕಾಲಿಡುವ ಬಗೆ

ನಮ್ಮೂರಲ್ಲಿ ಟಿಕೆಟ್ ಯಾರಿಗೆ ಎಂಬುದು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ತೀರ್ಮಾನವಾಗುತ್ತದೆ. ಬಿ ಫಾರಂ ಸಿಕ್ಕವನು ಅಭ್ಯರ್ಥಿ, ಸಿಗದವನು ಬಂಡಾಯ. ಅಮೆರಿಕದಲ್ಲಿ ಈ ತೀರ್ಮಾನ ಮತದಾರರದು, ಅದಕ್ಕಾಗಿ ನಡೆಯುವ ಚುನಾವಣೆಯೇ ಪ್ರೈಮರಿ. ನಿಯಮ ಮಾತ್ರ ರಾಜ್ಯಕ್ಕೊಂದು ತರಹ. ಮಿಷಿಗನ್‌ನಲ್ಲಿ ಮತದಾರ ಯಾವ ಪಕ್ಷದ ಹೆಸರಲ್ಲೂ ನೋಂದಾಯಿಸಿಕೊಳ್ಳಬೇಕಿಲ್ಲ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಭಾಗದ ಸಂಸತ್ ಸ್ಥಾನಕ್ಕೆ ಡೆಮಾಕ್ರಟಿಕ್ ಪ್ರೈಮರಿ ಗೆದ್ದದ್ದು ನೂರಕ್ಕೆ ಸುಮಾರು 28 ಮತ ಪಡೆದು. ಅಭ್ಯರ್ಥಿಗಳ ದಂಡೇ ಇದ್ದದ್ದರಿಂದ ಅಷ್ಟು ಸಾಕಾಯಿತು. ಕ್ಷೇತ್ರ ಡೆಮಾಕ್ರಟರ ಭದ್ರಕೋಟೆ, ಹಾಗಾಗಿ ನಿಜವಾದ ಕುಸ್ತಿ ಆಗಸ್ಟ್‌ನಲ್ಲೇ ಮುಗಿದಿತ್ತು.

ಈ ಬರಹ ಕ್ಯಾಲಿಫೋರ್ನಿಯಾದ್ದು. ಸನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆಯ ಹೊಸ ಪೌರರಿಗೆ ನವೆಂಬರ್ ಚುನಾವಣೆ ಹೇಗೂ ಗೊತ್ತಿರುತ್ತದೆ. ಎಡವುವುದು ಪ್ರೈಮರಿಯಲ್ಲಿ, ಅದೂ ಬಹುಪಾಲು ತಾರೀಖುಗಳಲ್ಲಿ.

ಪೌರತ್ವ ಇಲ್ಲದವರು ಇಲ್ಲಿ ನಿಲ್ಲಿ

ಎಚ್1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಪ್ರಮಾಣವಚನ ಮುಗಿದು ಪೌರತ್ವದ ಸರ್ಟಿಫಿಕೇಟ್ ಕೈಗೆ ಬರುವವರೆಗೆ ನೋಂದಣಿಯನ್ನೂ ಮಾಡಿಸಬೇಡಿ. ಫೆಡರಲ್ ಚುನಾವಣೆಯಲ್ಲಿ ಪೌರರಲ್ಲದವರು ಮತ ಹಾಕುವುದು ಅಪರಾಧ, ಗಡೀಪಾರಿಗೂ ಕಾರಣವಾಗಬಹುದು. ಪೌರತ್ವದ ಅರ್ಜಿ ಎನ್-400ರಲ್ಲಿ ಎಂದಾದರೂ ನೋಂದಾಯಿಸಿಕೊಂಡಿದ್ದೀರಾ, ಮತ ಹಾಕಿದ್ದೀರಾ ಎಂದು ನೇರವಾಗಿ ಕೇಳುತ್ತಾರೆ. ಅಪಾಯ ಇರುವುದು ಡಿಎಂವಿ, ಅಂದರೆ ವಾಹನ ಇಲಾಖೆಯ ಕಚೇರಿಯಲ್ಲಿ. ಲೈಸೆನ್ಸ್ ಕೆಲಸದ ಜೊತೆಗೇ ಮತದಾರರ ನೋಂದಣಿಯ ಪ್ರಶ್ನೆಗಳೂ ಪರದೆಯ ಮೇಲೆ ಬರುತ್ತವೆ. ಆತುರದಲ್ಲಿ ಒತ್ತುತ್ತಾ ಹೋಗದೆ ಪೌರತ್ವದ ಪ್ರಶ್ನೆ ಬಂದಾಗ ಎರಡು ಸಲ ಓದಿ. ತಪ್ಪಾಗಿ ಮತದಾರರ ಕಾರ್ಡ್ ಮನೆಗೆ ಬಂದರೆ ಖುಷಿಪಟ್ಟು ಪರ್ಸಿಗೆ ಸೇರಿಸಬೇಡಿ. ಕೂಡಲೇ ವಲಸೆ ವಕೀಲರನ್ನು ಕೇಳಿ, ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಚುನಾವಣಾ ಕಚೇರಿಗೆ ಲಿಖಿತವಾಗಿ ಬರೆದು ರದ್ದು ಮಾಡಿಸಿ, ಆ ಪತ್ರದ ಪ್ರತಿ ಇಟ್ಟುಕೊಳ್ಳಿ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಗ್ರೀನ್ ಕಾರ್ಡ್ ಇದ್ದವರು ಫೆಡರಲ್ ಕಾನೂನಿನ ಪ್ರಕಾರ ಅಭ್ಯರ್ಥಿಗೆ ದೇಣಿಗೆ ಕೊಡಬಹುದು, ಕ್ಯಾಲಿಫೋರ್ನಿಯಾದಲ್ಲಿ ಮತಗಟ್ಟೆ ಸಿಬ್ಬಂದಿಯಾಗಿಯೂ ದುಡಿಯಬಹುದು. ಎಚ್1ಬಿಯವರು ಒಂದು ಡಾಲರನ್ನೂ ಕೊಡುವಂತಿಲ್ಲ. ಆದರೆ ಸಂಬಳವಿಲ್ಲದೆ ಸ್ವಯಂಸೇವಕರಾಗಿ ಫೋನ್ ಮಾಡಬಹುದು, ಬಾಗಿಲು ತಟ್ಟಬಹುದು. ಪ್ರಚಾರದ ಹಣ ಎಲ್ಲಿ ಖರ್ಚಾಗಬೇಕು ಎಂಬ ತೀರ್ಮಾನದಲ್ಲಿ ಮಾತ್ರ ಬಾಯಿ ಹಾಕುವಂತಿಲ್ಲ.

ಪಕ್ಷದ ಕಾಲಂನ ಒಂದು ಟಿಕ್

ನೋಂದಣಿ ಅರ್ಜಿಯಲ್ಲಿ ಯಾವ ಪಕ್ಷ ನಿಮಗೆ ಒಪ್ಪಿಗೆ ಎಂದು ಕೇಳುತ್ತಾರೆ. ಯಾವುದೂ ಬೇಡ ಎನ್ನುವವರಿಗೆ 'ನೋ ಪಾರ್ಟಿ ಪ್ರಿಫರೆನ್ಸ್' ಇದೆ. ಸ್ವತಂತ್ರ ಅನ್ನುವ ಅರ್ಥದಲ್ಲಿ 'ಅಮೆರಿಕನ್ ಇಂಡಿಪೆಂಡೆಂಟ್' ಗುರುತಿಸಿದರೆ ನೀವು ಸ್ವತಂತ್ರರಲ್ಲ, ವರ್ಣಭೇದದ ಪರ ನಿಂತಿದ್ದ ರಾಜಕಾರಣಿ ಜಾರ್ಜ್ ವಾಲೇಸ್ ಕಾಲದ ಒಂದು ಬಲಪಂಥೀಯ ಪಕ್ಷದ ಮತದಾರ. ಈ ಹೆಸರಿನ ಬಲೆಗೆ ಬಿದ್ದವರು ಎಷ್ಟು ಮಂದಿ ಎಂದರೆ, 2016ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಸಮೀಕ್ಷೆ ಮಾಡಿದಾಗ ಆ ಪಕ್ಷದ ಪಟ್ಟಿಯಲ್ಲಿದ್ದ ಬಹುತೇಕರಿಗೆ ತಾವು ಅಲ್ಲಿದ್ದೇವೆ ಎಂಬುದೇ ತಿಳಿದಿರಲಿಲ್ಲ.

ಈ ಟಿಕ್ ಎಲ್ಲಿ ಮುಖ್ಯ, ಎಲ್ಲಿ ಅಲ್ಲ ಎಂಬುದರಲ್ಲೇ ಹೆಚ್ಚಿನವರ ಗೊಂದಲ. ಗವರ್ನರ್, ಅಮೆರಿಕ ಸಂಸತ್ತಿನ ಎರಡೂ ಸದನಗಳು, ರಾಜ್ಯದ ಶಾಸನಸಭೆ, ಇವುಗಳ ಪ್ರೈಮರಿಯಲ್ಲಿ ಎಲ್ಲ ಮತದಾರರಿಗೂ ಒಂದೇ ಪಟ್ಟಿ. 2010ರಲ್ಲಿ ಮತದಾರರೇ ಒಪ್ಪಿದ 14ನೇ ಪ್ರಸ್ತಾವದಿಂದ ಬಂದ ಪದ್ಧತಿ ಇದು: ಪಕ್ಷ ಯಾವುದೇ ಇರಲಿ, ಮೊದಲ ಎರಡು ಸ್ಥಾನ ಪಡೆದವರು ನವೆಂಬರ್‌ಗೆ ಹೋಗುತ್ತಾರೆ. ನೀವು ಯಾರೆಂದು ಬರೆಸಿದ್ದೀರಿ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಅಧ್ಯಕ್ಷೀಯ ಪ್ರೈಮರಿ ಹಾಗಲ್ಲ, ಅದು ಪಕ್ಷದ ಮನೆಯೊಳಗಿನ ವ್ಯವಹಾರ. 2024ರಲ್ಲಿ ಡೆಮಾಕ್ರಟಿಕ್, ಲಿಬರ್ಟೇರಿಯನ್, ಅಮೆರಿಕನ್ ಇಂಡಿಪೆಂಡೆಂಟ್ ಪಕ್ಷಗಳು ಪಕ್ಷವಿಲ್ಲದವರಿಗೂ ಬಾಗಿಲು ತೆರೆದಿದ್ದವು. ರಿಪಬ್ಲಿಕನ್, ಗ್ರೀನ್, ಪೀಸ್ ಅಂಡ್ ಫ್ರೀಡಂ ಪಕ್ಷಗಳು ತಮ್ಮವರಿಗೆ ಮಾತ್ರ ಎಂದವು. ಬಾಗಿಲು ತೆರೆದಿದ್ದರೂ ಕೇಳಿ ಪಡೆಯಬೇಕು. ಪಕ್ಷವಿಲ್ಲದವರಿಗೆ ಕೌಂಟಿಯಿಂದ ಮೊದಲೇ ಒಂದು ಅಂಚೆ ಕಾರ್ಡ್ ಬರುತ್ತದೆ, ಯಾವ ಪಕ್ಷದ ಮತಪತ್ರ ಬೇಕೆಂದು ಗುರುತಿಸಿ ವಾಪಸು ಕಳಿಸಬೇಕು. ಜಾಹೀರಾತೆಂದು ಅದನ್ನು ಕಸಕ್ಕೆ ಹಾಕಿದವರಿಗೆ ಅಧ್ಯಕ್ಷರ ಸ್ಥಾನವೇ ಇಲ್ಲದ ಮತಪತ್ರ ಬರುತ್ತದೆ. ಬಂದಿದ್ದರೆ ಅದಕ್ಕೆ ಗುರುತು ಹಾಕಬೇಡಿ. ಹಾಗೇ ಮತ ಕೇಂದ್ರಕ್ಕೆ ಒಯ್ದು ಬದಲಿಸಿಕೊಳ್ಳಿ. ರಿಪಬ್ಲಿಕನ್ ಮತಪತ್ರವೇ ಬೇಕಿದ್ದರೆ ಪಕ್ಷವನ್ನೇ ಬದಲಿಸಬೇಕು. ಚುನಾವಣೆಗೆ 15 ದಿನ ಇರುವವರೆಗೆ ಆನ್‌ಲೈನ್‌ನಲ್ಲೇ ಆಗುತ್ತದೆ, ಆಮೇಲೆ ಮತ ಕೇಂದ್ರದಲ್ಲಿ ಲಿಖಿತವಾಗಿ ಕೊಡಬೇಕು.

ಎರಡನೆಯ ಸ್ಥಾನವೇ ಆಟ

ಮೊದಲ ಎರಡು ಸ್ಥಾನದ ಪದ್ಧತಿಯಲ್ಲಿ ನಿಮ್ಮ ಮತದ ಲೆಕ್ಕಾಚಾರ ಬದಲಾಗುತ್ತದೆ. 2012ರಲ್ಲಿ ಸ್ಯಾನ್ ಬರ್ನಾರ್ಡಿನೊ ಭಾಗದ 31ನೇ ಸಂಸತ್ ಕ್ಷೇತ್ರದಲ್ಲಿ ಡೆಮಾಕ್ರಟರು ಹೆಚ್ಚು. ಆದರೆ ಅವರ ಕಡೆಯಿಂದ ನಾಲ್ವರು ನಿಂತು ಮತ ಹಂಚಿಹೋಯಿತು, ನವೆಂಬರ್‌ನಲ್ಲಿ ಉಳಿದದ್ದು ಇಬ್ಬರು ರಿಪಬ್ಲಿಕನ್ನರು: ಗ್ಯಾರಿ ಮಿಲ್ಲರ್, ಬಾಬ್ ಡಟನ್. ತದ್ವಿರುದ್ಧವಾಗಿ 2016ರ ಸೆನೆಟ್ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್, ಲೊರೆಟ್ಟಾ ಸ್ಯಾಂಚೆಜ್ ಇಬ್ಬರೂ ಡೆಮಾಕ್ರಟರೇ.

ಒಂದು ಮತದಿಂದ ಏನಾಗುತ್ತದೆ ಎನ್ನುವವರಿಗೆ ಸಿಲಿಕಾನ್ ವ್ಯಾಲಿಯ 16ನೇ ಸಂಸತ್ ಕ್ಷೇತ್ರ ತೋರಿಸಬೇಕು. 2024ರ ಮಾರ್ಚ್ ಪ್ರೈಮರಿಯಲ್ಲಿ ಸ್ಯಾಮ್ ಲಿಕಾರ್ಡೊ ಮೊದಲು ಬಂದರು. ಎರಡನೆಯ ಸ್ಥಾನಕ್ಕೆ ಎವನ್ ಲೋ 30,249, ಜೋ ಸಿಮಿಟಿಯನ್ 30,249. ನಿಯಮದ ಪ್ರಕಾರ ಸಮ ಬಂದರೆ ಇಬ್ಬರೂ ಮುಂದಕ್ಕೆ, ಅಂದರೆ ನವೆಂಬರ್‌ಗೆ ಮೂವರು. ಅಷ್ಟರಲ್ಲಿ ಮರು ಎಣಿಕೆಗೆ ಅರ್ಜಿ ಬಿತ್ತು. ಎಣಿಸಿದಾಗ ಲೋ 5 ಮತ ಮುಂದೆ, ಸಿಮಿಟಿಯನ್ ಹೊರಗೆ.

ಮತಪತ್ರದಲ್ಲಿ ಹೆಸರಿನ ಕೆಳಗೆ 'ಪಾರ್ಟಿ ಪ್ರಿಫರೆನ್ಸ್: ಡೆಮಾಕ್ರಟಿಕ್' ಎಂದಿದ್ದರೆ ಪಕ್ಷ ಅವರಿಗೆ ಬಿ ಫಾರಂ ಕೊಟ್ಟಿದೆ ಎಂದಲ್ಲ. ಅಭ್ಯರ್ಥಿ ತಾನು ಆ ಪಕ್ಷಕ್ಕೆ ನೋಂದಾಯಿಸಿಕೊಂಡಿದ್ದೇನೆ ಎಂದು ಹೇಳಿಕೊಂಡದ್ದು, ಅಷ್ಟೇ. ಪಕ್ಷದ ಅಧಿಕೃತ ಬೆಂಬಲಿತರ ಪಟ್ಟಿ ಮನೆಗೆ ಬರುವ ಮತದಾರರ ಮಾಹಿತಿ ಪುಸ್ತಕದಲ್ಲಿರುತ್ತದೆ. ಹೆಸರುಗಳು ಎ, ಬಿ, ಸಿ ಕ್ರಮದಲ್ಲೂ ಇರುವುದಿಲ್ಲ. ಅಕ್ಷರಗಳನ್ನು ಚೀಟಿ ಎತ್ತಿ ಹೊಸ ಕ್ರಮ ಮಾಡುತ್ತಾರೆ, ಮೊದಲಿದ್ದವರು ದೊಡ್ಡವರೆಂದು ತಿಳಿಯಬೇಡಿ.

ಅಂಚೆಯಲ್ಲಿ ಬರುವ ಹೊಳಪಿನ ಶಿಫಾರಸು ಕಾರ್ಡ್‌ಗಳ ಬಗ್ಗೆ ಇನ್ನಷ್ಟು ಹುಷಾರು. ಶಿಕ್ಷಕರ ಹೆಸರು, ಪೊಲೀಸರ ಹೆಸರು, ಪಕ್ಷದ ಗುರುತಾದ ಕತ್ತೆ ಅಥವಾ ಆನೆಯ ಚಿತ್ರ ಎಲ್ಲ ಇರುತ್ತದೆ. ಬೆಳಕಿಗೆ ಹಿಡಿದು ಹೆಸರುಗಳ ಪಕ್ಕ ನೋಡಿ, ಪುಟ್ಟ ನಕ್ಷತ್ರ ಚಿಹ್ನೆ ಕಾಣುತ್ತದೆ. ಆ ಹೆಸರು ಅಲ್ಲಿ ಬರಲು ದುಡ್ಡು ಕೊಟ್ಟಿದ್ದಾರೆ ಎಂದು ಅದರ ಅರ್ಥ, ಹಾಗೆ ಗುರುತು ಹಾಕಲೇಬೇಕೆಂದು ಕಾನೂನೇ ಇದೆ.

ಲಕೋಟೆ, ಸಹಿ, ಡಬ್ಬಿ

ಅಧ್ಯಕ್ಷೀಯ ವರ್ಷದಲ್ಲಿ ಪ್ರೈಮರಿ ಮಾರ್ಚ್‌ನಲ್ಲಿ, ಉಳಿದ ಸಮವರ್ಷಗಳಲ್ಲಿ ಜೂನ್‌ನಲ್ಲಿ, ಮೊದಲ ಸೋಮವಾರದ ಮರುದಿನದ ಮಂಗಳವಾರ. 2026ಕ್ಕೆ ಅದು ಜೂನ್ 2. ಎಲ್ಲ ಮತದಾರರ ಮನೆಗೂ ಹೋಗುವ ಮತಪತ್ರಗಳು 29 ದಿನ ಮೊದಲು, ಅಂದರೆ ಮೇ 4ರ ಹೊತ್ತಿಗೆ ಅಂಚೆಗೆ ಬೀಳುತ್ತವೆ. ನೋಂದಣಿಗೆ ಕೊನೆಯ ದಿನ 15 ದಿನ ಮೊದಲು, ಮೇ 18. ಅದು ತಪ್ಪಿದರೆ ಮತ ಕೇಂದ್ರದಲ್ಲೇ ನೋಂದಾಯಿಸಿ ಅಲ್ಲೇ ಮತ ಹಾಕಬಹುದು. ಪ್ರಮಾಣವಚನ ಅದೇ ವಾರ ಮುಗಿದವರಿಗೂ ಇದೇ ದಾರಿ. ಸಾಲು ಉದ್ದ ಇರುತ್ತದೆ, ಅಷ್ಟೇ. ಮನೆ ಬದಲಿಸಿದವರು ಏಪ್ರಿಲ್‌ನಲ್ಲೇ ರಾಜ್ಯದ ಜಾಲತಾಣದ 'ಮೈ ವೋಟರ್ ಸ್ಟೇಟಸ್' ಪುಟದಲ್ಲಿ ವಿಳಾಸ ನೋಡಿ. ಹಳೆಯ ಅಪಾರ್ಟ್‌ಮೆಂಟಿಗೆ ಹೋದ ಮತಪತ್ರವನ್ನು ಅಂಚೆಯವರು ಹೊಸ ವಿಳಾಸಕ್ಕೆ ಮುಂದಕ್ಕೆ ಕಳಿಸುತ್ತಾರೆಂದು ನಂಬಬೇಡಿ.

ಮತಪತ್ರಕ್ಕೆ ಕಪ್ಪು ಅಥವಾ ಕಡುನೀಲಿ ಪೆನ್ ಬಳಸಿ ಹೆಸರಿನ ಪಕ್ಕದ ಪುಟ್ಟ ವೃತ್ತವನ್ನು ಪೂರ್ತಿ ತುಂಬಿ. ಒಬ್ಬರನ್ನು ಆರಿಸಬೇಕಾದಲ್ಲಿ ಇಬ್ಬರನ್ನು ತುಂಬಿದರೆ ಆ ಸ್ಥಾನದ ಮತ ಹೋಯಿತು, ಉಳಿದವು ಎಣಿಕೆಯಾಗುತ್ತವೆ. ನ್ಯಾಯಾಧೀಶರು, ಶಿಕ್ಷಣ ಮಂಡಳಿ ಗೊತ್ತಿಲ್ಲವೇ, ಖಾಲಿ ಬಿಡಿ, ಏನೂ ಆಗುವುದಿಲ್ಲ. ಆದರೆ ಕೌಂಟಿ ಸೂಪರ್‌ವೈಸರ್‌ನಂಥ (ಕೌಂಟಿ ಆಡಳಿತ ಮಂಡಳಿಯ ಸದಸ್ಯ) ಪಕ್ಷರಹಿತ ಸ್ಥಾನದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಪಡೆದವರು ಪ್ರೈಮರಿಯಲ್ಲೇ ಗೆದ್ದುಬಿಡುತ್ತಾರೆ. ನವೆಂಬರ್‌ನಲ್ಲಿ ನೋಡೋಣ ಎಂದರೆ ಅಲ್ಲಿ ಆ ಸ್ಥಾನವೇ ಇರುವುದಿಲ್ಲ.

ಇನ್ನು ತುಂಬಿದ ಮತಪತ್ರವನ್ನು ವಾಪಸು ಕಳಿಸುವ ಲಕೋಟೆಯ ಮೇಲಿನ ಸಹಿ. ಕನ್ನಡಿಗರ ಮತ ಸಿಕ್ಕಿಕೊಳ್ಳುವ ಜಾಗ ಇದು. ಲಕೋಟೆಯ ಸಹಿಯನ್ನು ಡಿಎಂವಿ ಅಥವಾ ನೋಂದಣಿ ಅರ್ಜಿಯ ಸಹಿಯೊಂದಿಗೆ ತಾಳೆ ನೋಡುತ್ತಾರೆ. ಅಪ್ಪ ಬ್ಯಾಂಕಿನಲ್ಲಿ ಕನ್ನಡದಲ್ಲಿ ಸಹಿ ಮಾಡುತ್ತಾರೆ, ಡಿಎಂವಿಯ ಗಾಜಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಅರ್ಧಂಬರ್ಧ ಗೀಚಿದ್ದಾರೆ, ಲಕೋಟೆಯ ಮೇಲೆ ಮತ್ತೆ ಕನ್ನಡ. ಕನ್ನಡದ ಸಹಿ ತಪ್ಪಲ್ಲ, ಎರಡೂ ಕಡೆ ಒಂದೇ ಇರಬೇಕು. ಲೈಸೆನ್ಸ್ ಮೇಲಿನ ಸಹಿ ಎದುರಿಗಿಟ್ಟುಕೊಂಡು ಮಾಡಿಸಿ. ತಾಳೆಯಾಗದಿದ್ದರೆ ಕೌಂಟಿಯಿಂದ ಪತ್ರ ಬರುತ್ತದೆ, ಅದರೊಳಗಿನ ಅರ್ಜಿಗೆ ಸಹಿ ಹಾಕಿ ಹೇಳಿದ ದಿನದೊಳಗೆ ಕಳಿಸಿದರೆ ಮತ ಉಳಿಯುತ್ತದೆ. ಗಂಡನ ಲಕೋಟೆಗೆ ಹೆಂಡತಿ, ಅಮ್ಮನ ಲಕೋಟೆಗೆ ಮಗ ಸಹಿ ಹಾಕುವುದು ಅಪರಾಧ. ಒಂದೇ ಮನೆಯ ಲಕೋಟೆಗಳು ಅದಲುಬದಲಾಗುವುದೂ ಮಾಮೂಲು, ಅಂಟಿಸುವ ಮೊದಲು ಹೆಸರು ನೋಡಿ. ಸಹಿ ಮಾಡಲಾಗದ ಹಿರಿಯರು ಗುರುತು ಹಾಕಿ, ಪಕ್ಕದಲ್ಲಿ ಒಬ್ಬರು ಸಾಕ್ಷಿ ಸಹಿ ಮಾಡಿದರೆ ನಡೆಯುತ್ತದೆ. ಮತ ಕೇಂದ್ರಕ್ಕೆ ಅವರು ಸಹಾಯಕ್ಕೆಂದು ಇಬ್ಬರನ್ನು ಕರೆದೊಯ್ಯಬಹುದು. ಕೆಲಸ ಕೊಟ್ಟ ಮಾಲೀಕ, ಯೂನಿಯನ್ ಪ್ರತಿನಿಧಿ ಮಾತ್ರ ಆಗುವುದಿಲ್ಲ.

ಅಂಚೆಗೆ ಸ್ಟಾಂಪ್ ಬೇಡ. ಆದರೆ ಕೊನೆಯ ದಿನ ಅಂಚೆ ಪೆಟ್ಟಿಗೆಗೆ ಹಾಕಿದ್ದಕ್ಕೆ ಅದೇ ದಿನದ ಮುದ್ರೆ ಬೀಳುತ್ತದೆಂಬ ಖಾತ್ರಿ ಇಲ್ಲ, ಮುದ್ರೆ ತಡವಾದರೆ ಮತ ಅನೂರ್ಜಿತ. ಕೊನೆಯ ವಾರವಾದರೆ ಕೌಂಟಿಯ ಡ್ರಾಪ್ ಬಾಕ್ಸ್‌ಗೇ ಹಾಕಿ, ಮಂಗಳವಾರ ರಾತ್ರಿ 8ಕ್ಕೆ ಬೀಗ. ಮತ ಕೇಂದ್ರದ 100 ಅಡಿಯೊಳಗೆ ಅಭ್ಯರ್ಥಿಯ ಹೆಸರಿನ ಟೋಪಿ, ಟೀ ಶರ್ಟ್, ಬ್ಯಾಡ್ಜ್ ಹಾಕುವಂತಿಲ್ಲ.

ಸ್ಥಳೀಯ ಪಕ್ಷದಲ್ಲಿ ಜಾಗ

ಪಕ್ಷದ ಬೆಂಬಲ ಯಾರಿಗೆ ಎಂಬುದು ಮತಪತ್ರ ಅಚ್ಚಾಗುವ ತಿಂಗಳುಗಳ ಮೊದಲೇ, ಒಂದು ಗ್ರಂಥಾಲಯದ ಸಭಾಂಗಣದಲ್ಲಿ, ಮಡಚುವ ಕುರ್ಚಿಗಳ ಮೇಲೆ ಕೂತ ಕೆಲವೇ ಜನರಿಂದ ಆಗಿಹೋಗಿರುತ್ತದೆ. ನಮ್ಮವರು ಲಾನ್ ಬೋರ್ಡ್ ನೆಡಲು ಬರುವುದು ಮೇ ತಿಂಗಳಲ್ಲಿ. ತಡವಾಯಿತು.

ಡೆಮಾಕ್ರಟರಲ್ಲಿ ಮೊದಲ ಮೆಟ್ಟಿಲು ಊರಿನ ಕ್ಲಬ್. ಚಂದಾ ಅಲ್ಪ. ಆದರೆ ಬೆಂಬಲದ ಮತದಾನಕ್ಕೆ ಇಂತಿಷ್ಟು ದಿನ ಮೊದಲೇ ಸದಸ್ಯರಾಗಿರಬೇಕೆಂಬ ಷರತ್ತು ಇರುವುದುಂಟು, ಸೇರುವಾಗಲೇ ಬೈಲಾ ಕೇಳಿ ಪಡೆಯಿರಿ. ಆಮೇಲಿನದು ರಾಜ್ಯ ಪಕ್ಷದ ಪ್ರತಿನಿಧಿ ಸ್ಥಾನ: 80 ಅಸೆಂಬ್ಲಿ ಕ್ಷೇತ್ರಗಳಲ್ಲಿ ತಲಾ 14 ಮಂದಿಯನ್ನು ಬೆಸವರ್ಷದ ಆರಂಭದಲ್ಲಿ ಆರಿಸುತ್ತಾರೆ. ಇದನ್ನು ಪಕ್ಷವೇ ನಡೆಸುವುದು, ಸರ್ಕಾರದ ಮತಪತ್ರದಲ್ಲಿ ಬರುವುದಿಲ್ಲ. ಹಾಗಾಗಿ ಮತ ಹಾಕುವವರು ಕಡಿಮೆ, ಮೂವತ್ತು ಕನ್ನಡ ಮನೆಗಳು ಒಟ್ಟಾದರೂ ತೂಕ ಬರುತ್ತದೆ.

ಬಾಗಿಲು ತಟ್ಟುವ ಕೆಲಸಕ್ಕೆ ಹೋದರೆ ಕರಪತ್ರವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ, ಮನೆಯವರ ಅಂಚೆ ಪೆಟ್ಟಿಗೆಯೊಳಗೆ ತುರುಕಬೇಡಿ. ಸ್ಟಾಂಪ್ ಇಲ್ಲದ್ದನ್ನು ಅದರೊಳಗೆ ಹಾಕುವುದು ಫೆಡರಲ್ ನಿಯಮದ ಉಲ್ಲಂಘನೆ. ಕನ್ನಡ ಕೂಟದ ಪದಾಧಿಕಾರಿಗಳು ಇನ್ನೊಂದು ನೆನಪಿಡಬೇಕು: 501ಸಿ3, ಅಂದರೆ ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆ ಎಂಬ ನೋಂದಣಿ ಇರುವ ಸಂಘ ಯಾವ ಅಭ್ಯರ್ಥಿಯ ಪರವೂ ಮಾತಾಡುವಂತಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಒಬ್ಬರಿಗೆ ಮಾತ್ರ ಹಾರ ಹಾಕಿ ಮೈಕ್ ಕೊಟ್ಟು 'ಇವರನ್ನು ಗೆಲ್ಲಿಸಿ' ಎಂದರೆ ತೆರಿಗೆ ವಿನಾಯಿತಿಗೇ ಕುತ್ತು. ಪಕ್ಷ ನೋಡದೆ ನೋಂದಣಿ ಮೇಜು ಹಾಕಬಹುದು, ಎಲ್ಲ ಅಭ್ಯರ್ಥಿಗಳನ್ನೂ ಕರೆದು ಸಮಾನ ಸಮಯ ಕೊಡಬಹುದು.

ಕೊನೆಯ ಮೆಟ್ಟಿಲು ಕೌಂಟಿ ಸೆಂಟ್ರಲ್ ಕಮಿಟಿ, ಅಂದರೆ ಕೌಂಟಿ ಮಟ್ಟದ ಪಕ್ಷದ ಸಮಿತಿ. ಎರಡೂ ದೊಡ್ಡ ಪಕ್ಷಗಳಲ್ಲಿದೆ, ಚುನಾವಣೆ ಅಧ್ಯಕ್ಷೀಯ ಪ್ರೈಮರಿಯ ಜೊತೆಗೆ. ಆ ಪಕ್ಷಕ್ಕೆ ನೋಂದಾಯಿಸಿಕೊಂಡವರಿಗೆ ಮಾತ್ರ ಮತ, ಪಕ್ಷವಿಲ್ಲದೆ ಕೇಳಿ ಪಡೆದ ಮತಪತ್ರದಲ್ಲಿ ಈ ಸ್ಥಾನ ಇರುವುದಿಲ್ಲ. ಸ್ಥಾನಗಳಿಗಿಂತ ಅಭ್ಯರ್ಥಿಗಳು ಹೆಚ್ಚಿಲ್ಲದಿದ್ದರೆ ಹೆಸರುಗಳನ್ನು ಅಚ್ಚೇ ಹಾಕುವುದಿಲ್ಲ, ಅರ್ಜಿ ಹಾಕಿದವರೇ ಸದಸ್ಯರು. ಅರ್ಜಿಗೆ ಕೊನೆಯ ದಿನ ಪ್ರೈಮರಿಗೆ 88 ದಿನ ಮೊದಲು. 2024ರ ಮಾರ್ಚ್ 5ರ ಪ್ರೈಮರಿಗೆ ಅದು 2023ರ ಡಿಸೆಂಬರ್ 8 ಆಗಿತ್ತು. 2028ರ ಮಾರ್ಚ್ 7ಕ್ಕೆ ಹಿಂದಕ್ಕೆ ಎಣಿಸಿದರೆ 2027ರ ಡಿಸೆಂಬರ್ 10, ಶುಕ್ರವಾರ. ಡಿಸೆಂಬರ್ ರಜೆಗೆ ಬೆಂಗಳೂರಿನ ಟಿಕೆಟ್ ಮಾಡಿಸುವವರು ಅರ್ಜಿ ಕೊಟ್ಟೇ ವಿಮಾನ ಹತ್ತಿ.