ಐದು ಬಣ್ಣದ ಮಣಿಗಳಲ್ಲಿ ವಾಯುಗುಣ: ಎಂಟು ವರ್ಷದ ಮಕ್ಕಳಿಗೆ ಕಲಿಸಿದ ನನ್ನ ಅನುಭವ

ಸರಾಸರಿ ತೆಗೆಯಲು ಬಾರದ ಮಕ್ಕಳಿಗೆ ವಾಯುಗುಣ ಅರ್ಥವಾಗುವುದಿಲ್ಲ, ಮಳೆ ಮೋಡದ ಚಿತ್ರ ಬಿಡಿಸಿಸಿ ಪಾಠ ಮುಗಿಸಿಬಿಡಿ ಎಂದು ಹೇಳಿದವರೇ ಹೆಚ್ಚು. ಅರ್ಥವಾಗುತ್ತದೆ. ಭಾಗಾಕಾರವೇ ಬೇಡ. ಐದು ಬಣ್ಣದ ಮಣಿ, ಗಟ್ಟಿ ದಾರ, ಒಂದು ಥರ್ಮಾಮೀಟರ್, ಒಂದು ಮಳೆಮಾಪಕ ಇದ್ದರೆ ಸಾಕು. ವರ್ಷ ತುಂಬುವ ಹೊತ್ತಿಗೆ ಇವತ್ತಿನ ಚಳಿಯೇ ಬೇರೆ, ಚಳಿ ತಿಂಗಳೇ ಬೇರೆ ಎಂದು ಮಕ್ಕಳೇ ಹೇಳುತ್ತಾರೆ. ಅನುಮಾನಪಟ್ಟವರಲ್ಲಿ ಕೆಲವರು ಈಗ ನನ್ನ ಬಣ್ಣದ ಪಟ್ಟಿ ಕೇಳಿ ಪಡೆದಿದ್ದಾರೆ, ಅದೊಂದು ಸಂತೋಷ.

ದಿನವೂ ಒಂದೇ ಹೊತ್ತಿಗೆ ನೆರಳಿನ ಉಷ್ಣತೆ ಓದಬೇಕು. ಆ ಉಷ್ಣತೆಯ ಬಣ್ಣದ ಎರಡು ಮಣಿ ತೆಗೆಯಬೇಕು. ಒಂದು ವರ್ಷದ ಸರಕ್ಕೆ, ದಿನಾಂಕದ ಕ್ರಮದಲ್ಲಿ. ಇನ್ನೊಂದು ಆ ತಿಂಗಳ ಪಾರದರ್ಶಕ ಕೊಳವೆಗೆ. ತಿಂಗಳ ಕೊನೆಗೆ ಕೊಳವೆಯ ಮಣಿಗಳನ್ನು ಸುರಿದು, ತಣ್ಣನೆಯ ಬಣ್ಣದಿಂದ ಬಿಸಿ ಬಣ್ಣದವರೆಗೆ ಸಾಲಾಗಿ ಜೋಡಿಸಿ, ಈ ತುದಿಯಿಂದ ಒಂದು, ಆ ತುದಿಯಿಂದ ಒಂದು ತೆಗೆಯುತ್ತ ಹೋಗುವುದು. ನಡುವೆ ಉಳಿದದ್ದು ಆ ತಿಂಗಳ ಮಣಿ. 30 ದಿನದ ತಿಂಗಳಲ್ಲಿ ಎರಡು ಉಳಿಯುತ್ತವೆ, ಬಣ್ಣ ಬೇರೆಯಾದರೆ ಎರಡನ್ನೂ ಪೋಣಿಸಿ. ಕೊಳವೆಯ ಉಳಿದ ಮಣಿಗಳು ಡಬ್ಬಿಗೆ ವಾಪಸ್. ಹಾಗಾಗಿ ವರ್ಷಕ್ಕೆ ನಾನೂರರ ಮೇಲೆ ಚಿಲ್ಲರೆ ಮಣಿ ಸಾಕಾಗುತ್ತದೆ. ಐದು ಬಣ್ಣವನ್ನೂ ಸಮನಾಗಿ ಕೊಂಡರೆ ದುಡ್ಡು ದಂಡ. ನಡುವಿನ ಎರಡು ಬಣ್ಣ ಬೇಗ ಮುಗಿಯುತ್ತವೆ, ತುದಿಯ ಬಣ್ಣಗಳು ಡಬ್ಬಿಯಲ್ಲೇ ಉಳಿಯುತ್ತವೆ. ನಡುವಿನವನ್ನು ಎರಡರಷ್ಟು ತನ್ನಿ.

ಮಣಿಗೂ ಮೊದಲು ಬಣ್ಣದ ಕಾಗದದ ಪಟ್ಟಿ ಅಂಟಿಸುವ ಪದ್ಧತಿ ನಡೆಸಿದ್ದುಂಟು. ಬಿಸಿಲಿಗೆ ಮೊದಲು ಕೆಂಪು ಮಾಸಿತು, ಆಮೇಲೆ ಹಳದಿ. ಅದಕ್ಕಿಂತ ದೊಡ್ಡ ತೊಡಕು, ಅಂಟಿಸಿದ್ದನ್ನು ಕಿತ್ತು ಮತ್ತೆ ಜೋಡಿಸಲಾಗದು. ಜೋಡಿಸುವ ಕೈಕೆಲಸದಲ್ಲೇ ಪಾಠ ಇರುವುದು. ಬಣ್ಣದ ಉಣ್ಣೆ ದಾರದಲ್ಲಿ ಹೆಣೆದರೂ ಇದೇ ಗತಿ.

ಬಣ್ಣದ ಗಡಿಗಳಲ್ಲಿ ಎಚ್ಚರ ಬೇಕು. ವರ್ಷದ ಕನಿಷ್ಠ ಗರಿಷ್ಠಗಳ ನಡುವಿನ ಅಂತರವನ್ನು ಐದು ಪಾಲು ಮಾಡುವುದು ಎಲ್ಲರಿಗೂ ಹೊಳೆಯುತ್ತದೆ. ಗಡಿಯೇನಾದರೂ ಮೇಲಿಂದ ಮೇಲೆ ಬರುವ ಉಷ್ಣತೆಯ ಮೇಲೆಯೇ ಬಿದ್ದರೆ ಅರ್ಧ ಡಿಗ್ರಿಗೆಲ್ಲ ಬಣ್ಣ ಬದಲಾಗಿ ಸರ ಕಲಸಿಹೋಗುತ್ತದೆ. ಒಂದೊಂದು ಪಾಲು 4 ಡಿಗ್ರಿಯ ಆಸುಪಾಸು ಇರಲಿ. ಅಗಲ ಜಾಸ್ತಿಯಾದರೆ ಇಡೀ ತಿಂಗಳು ಒಂದೇ ಬಣ್ಣ, ಕಡಿಮೆಯಾದರೆ ಬಣ್ಣ ಹೆಚ್ಚಾಗಿ ಅವುಗಳ ಕ್ರಮ ಮಕ್ಕಳಿಗೆ ನೆನಪಿರುವುದಿಲ್ಲ. ಗಡಿಯನ್ನು ಮೊದಲ ವಾರದಲ್ಲೇ ಗೊತ್ತುಮಾಡಿಕೊಳ್ಳುವ ಉಪಾಯ ಒಂದಿದೆ, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಕೆಂಪು ಹಸಿರು ಪಕ್ಕಪಕ್ಕ ಬರದಂತೆ ನೋಡಿಕೊಳ್ಳಿ, ಅವೆರಡರ ವ್ಯತ್ಯಾಸ ಕಾಣದ ಮಕ್ಕಳು ತರಗತಿಯಲ್ಲಿ ಇರಬಹುದು. ರಜೆಯ ದಿನಕ್ಕೆ ಬಣ್ಣವಿಲ್ಲದ ಮಣಿ. ಅಂದಾಜಿನ ಮೇಲೆ ತುಂಬಿಸಲು ಮಕ್ಕಳು ಹಠ ಹಿಡಿಯುತ್ತಾರೆ, ಬಿಡಬೇಡಿ.

ವಿಜ್ಞಾನಿಗಳು ವಾಯುಗುಣ ಹೇಳಲು 30 ವರ್ಷದ ಲೆಕ್ಕ ಇಡುತ್ತಾರೆ, ಈಗ ಬಳಕೆಯಲ್ಲಿರುವುದು 1991ರಿಂದ 2020ರದ್ದು. ಒಂದು ವರ್ಷದ ಸರ ವಾಯುಗುಣ ಅಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು. ಹಿಂದಿನ ತಂಡಗಳ ಸರಗಳನ್ನು ಎಸೆಯದೆ ಒಂದರ ಕೆಳಗೊಂದು ತೂಗುಹಾಕಿದರೆ ಉಳಿದದ್ದನ್ನು ಗೋಡೆಯೇ ಕಲಿಸುತ್ತದೆ. ದಿನದ ಮಣಿಗಳು ಮನಬಂದಂತೆ ಕುಣಿದಿರುತ್ತವೆ, ತಿಂಗಳ ಮಣಿಗಳು ಬಹುಪಾಲು ಮೇಲಿಂದ ಕೆಳಕ್ಕೆ ಒಂದೇ ಬಣ್ಣದ ಕಂಬಸಾಲಾಗಿ ನಿಂತಿರುತ್ತವೆ.

ಖರ್ಚಿನಲ್ಲಿ ಮುಕ್ಕಾಲು ಪಾಲು ಥರ್ಮಾಮೀಟರಿಗೇ ಹೋಗುತ್ತದೆ, ಹೋಗಲಿ. ಪಾದರಸದ್ದು ಬೇಡ. ಅಗ್ಗದವು ಒಂದೇ ಪೆಟ್ಟಿಗೆಯೊಳಗಿನವೇ ಒಂದೆರಡು ಡಿಗ್ರಿ ವ್ಯತ್ಯಾಸ ತೋರಿಸುತ್ತವೆ. ಪುಡಿಮಾಡಿದ ಮಂಜುಗಡ್ಡೆಗೆ ಸಂದು ತುಂಬುವಷ್ಟೇ ನೀರು ಹಾಕಿ, ಥರ್ಮಾಮೀಟರಿನ ತುದಿಯ ಬುರುಡೆ ಪೂರ್ತಿ ಮುಳುಗಿಸಿ ಐದು ನಿಮಿಷ ಕಾದು, ಸೊನ್ನೆಗಿಂತ ಎಷ್ಟು ಹೆಚ್ಚು ಕಡಿಮೆ ಎಂದು ಹಿಂಬದಿಯಲ್ಲಿ ಬರೆದಿಡಿ. ನೀರಿನಲ್ಲಿ ನಾಲ್ಕು ತುಂಡು ಮಂಜು ತೇಲಿಬಿಟ್ಟರೆ ಆಗದು, ಬುಡದ ನೀರು 3–4 ಡಿಗ್ರಿಯಲ್ಲೇ ಇದ್ದುಬಿಡುತ್ತದೆ. ಗೋಡೆಗೆ ನೇತುಹಾಕಬೇಡಿ, ಗೋಡೆ ಕುಡಿದ ಬಿಸಿಲನ್ನು ಸಂಜೆಯವರೆಗೂ ಕಕ್ಕುತ್ತದೆ. ನೆಲದಿಂದ ಒಂದೂಕಾಲು ಮೀಟರ್ ಎತ್ತರದ ಕಂಬ, ಅದರ ಮೇಲೆ ಬೋರಲು ಹಾಕಿದ ಆರೇಳು ಬಿಳಿ ಪ್ಲಾಸ್ಟಿಕ್ ತಟ್ಟೆ, ನಡುವೆ ಒಂದೂವರೆ ಸೆಂಟಿಮೀಟರ್ ಸಂದು. ಮೇಲಿನ ಎರಡು ಬಿಟ್ಟು ಉಳಿದವುಗಳ ನಡುವೆ ತೂತು ಕೊರೆದು ಥರ್ಮಾಮೀಟರನ್ನು ಇಳಿಬಿಡಿ. ಗಿಡ್ಡ ಮಕ್ಕಳು ಕೆಳಗಿನಿಂದ ನೋಡಿ ಓದಿದರೆ ಅಂಕಿ ಹೆಚ್ಚು ಬರುತ್ತದೆ, ಅಳತೆಪಟ್ಟಿ ಕೊಳವೆಯ ಹಿಂದಿರುವುದರಿಂದ. ಕಣ್ಣಿನ ಮಟ್ಟಕ್ಕೆ ಬರುವಂತೆ ಒಂದು ಮಣೆ ಇಡಿ.

ಮಳೆಮಾಪಕಕ್ಕೆ ಬಾಟಲಿ ಕತ್ತರಿಸಿ, ಮೇಲ್ಭಾಗ ಬೋರಲು ಹಾಕಿ, ಪಕ್ಕಕ್ಕೆ ಸ್ಕೇಲು ಅಂಟಿಸುವುದು ಎಲ್ಲ ಕಡೆ ನಡೆಯುವ ವಿಧಾನ. ಬಾಟಲಿಯ ಬುಡ ಉಬ್ಬುತಗ್ಗು, ಅದಕ್ಕೆ ಕಲ್ಲು ಹಾಕಿ ಸೊನ್ನೆ ಗೆರೆಯವರೆಗೆ ನೀರು ತುಂಬುತ್ತಾರೆ. ಬಿಸಿಲಿನ ದಿನಗಳಲ್ಲಿ ಆ ನೀರು ಆರಿ ಗೆರೆಯಿಂದ ಕೆಳಗಿಳಿಯುತ್ತದೆ, ಮೊದಲ ಎರಡು ಮೂರು ಮಿಲಿಮೀಟರ್ ಮಳೆ ಲೆಕ್ಕಕ್ಕೇ ಸಿಗುವುದಿಲ್ಲ. ಸ್ಕೇಲು ಬಿಟ್ಟು ಸಿರಿಂಜ್ ಹಿಡಿಯಿರಿ. ಒಳಬಾಯಿಯ ಅಡ್ಡಳತೆ 11.3 ಸೆಂಟಿಮೀಟರ್ ಇರುವ ಡಬ್ಬಿಯನ್ನೋ ಲಾಳಿಕೆಯನ್ನೋ ಹುಡುಕಿದರೆ ಅದರ ವಿಸ್ತೀರ್ಣ 100 ಚದರ ಸೆಂಟಿಮೀಟರ್. ಆಗ 10 ಮಿಲಿಲೀಟರ್ ನೀರು ಅಂದರೆ ಸರಿಯಾಗಿ 1 ಮಿಲಿಮೀಟರ್ ಮಳೆ. ಸೂಜಿ ಇಲ್ಲದ 10 ಮಿಲಿಲೀಟರ್ ಸಿರಿಂಜ್ ಒಂದು ಸಲ ತುಂಬಿದರೆ ಒಂದು ಮಿಲಿಮೀಟರ್, ಮಕ್ಕಳು ಎಣಿಸಿದರಾಯಿತು. ಈ 11.3 ಹುಡುಕುವುದಕ್ಕೇ ನನಗೆ ಬಹಳ ಹೊತ್ತು ಹಿಡಿಯಿತು, ನಿಮಗೆ ಪುಕ್ಕಟೆ. ಅಗಲ ಲಾಳಿಕೆಯಿಂದ ಹನಿ ಹೊರಗೆ ಸಿಡಿಯುತ್ತದೆ, ಇಳಿಜಾರಿನ ಮೇಲೆ ಐದು ಸೆಂಟಿಮೀಟರಿನ ನೆಟ್ಟನೆ ಅಂಚು ಬೇಕು. ರಜೆ ಬಂದರೆ ಒಳಗೆ ನಾಲ್ಕು ಹನಿ ಎಣ್ಣೆ ಬಿಡಿ, ನೀರು ಆರುವುದು ತಗ್ಗುತ್ತದೆ. ಮರವಾಗಲಿ ಕಟ್ಟಡವಾಗಲಿ, ಅದರ ಎತ್ತರದ ಎರಡರಷ್ಟಾದರೂ ದೂರ ಇಡಿ.

ಮಿಲಿಮೀಟರಿನಲ್ಲಿ ಮಳೆ ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಸುರಿದರೆ 1 ಮಿಲಿಮೀಟರ್. ಅಷ್ಟು ಅಗಲ ಸಮತಟ್ಟು ನೆಲ ಸಿಗುವುದಿಲ್ಲ, ನೀರು ಮೂಲೆಗೆ ಓಡುತ್ತದೆ. ಅರ್ಧ ಮೀಟರಿನ ಚೌಕ ತಟ್ಟೆ, ಕಾಲು ಲೀಟರ್ ನೀರು. ಮುಗಿಯಿತು.

ಬಲೂನು ಕಟ್ಟಿದ ಜಾಡಿಯ ವಾಯುಭಾರಮಾಪಕವನ್ನು ಕೈಬಿಡಿ. ಬಲೂನಿಗೆ ಅಂಟಿಸಿದ ಕಡ್ಡಿ ಏರಿಳಿಯುತ್ತದೆ, ಮಕ್ಕಳು ಕೇಕೆ ಹಾಕುತ್ತಾರೆ, ಅಳೆಯುವುದು ಮಾತ್ರ ಜಾಡಿಯ ಬಿಸಿಯನ್ನು. ಮುಚ್ಚಿದ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರ ಒತ್ತಡ ಸುಮಾರು ಮುನ್ನೂರರಲ್ಲಿ ಒಂದು ಪಾಲು, ಅಂದರೆ ಒತ್ತಡದ ಅಳತೆಯಲ್ಲಿ 3 ಹೆಕ್ಟೊಪಾಸ್ಕಲ್ಲಿಗೂ ಹೆಚ್ಚು ಏರುತ್ತದೆ. ಉಷ್ಣವಲಯದಲ್ಲಿ ದಿನವಿಡೀ ಹೊರಗಿನ ಒತ್ತಡದ ಏರಿಳಿತವೇ ಅಷ್ಟು. ಜಾಡಿಯನ್ನು ಮಂಜಿನ ನೀರಿನಲ್ಲಿ ಮುಳುಗಿಸಿಟ್ಟರೆ ಪರವಾಗಿಲ್ಲ, ಆದರೆ ಅಷ್ಟು ಮಂಜು ದಿನಾ ಯಾರು ತರುತ್ತಾರೆ? ಹಾಗೆಯೇ ಮುಚ್ಚಿದ ಬಾಟಲಿ, ತೆರೆದ ಬಾಟಲಿ ಬಿಸಿಲಿಗಿಟ್ಟು ಇದೇ ಹಸಿರುಮನೆ ಪರಿಣಾಮ ಎನ್ನುವ ಪ್ರಯೋಗವೂ ಬೇಡ. ಅಲ್ಲಿ ಮುಚ್ಚಳ ಬಿಸಿಗಾಳಿ ಮೇಲೇಳದಂತೆ ತಡೆಯುತ್ತದೆ ಅಷ್ಟೆ, ಇಂಗಾಲದ ಡೈಆಕ್ಸೈಡಿನ ಕೆಲಸ ಅದರಲ್ಲಿ ಕಾಣುವುದಿಲ್ಲ.

ಸಿದ್ಧ ಹವಾಮಾನ ಕಿಟ್ ಒಂದನ್ನು ತರಿಸಿ ನೋಡಿದ್ದಾಯಿತು. ಅದರ ಬೆಲೆಯಲ್ಲಿ ಏಳೆಂಟು ವರ್ಷದ ಮಣಿ ಬರುತ್ತಿತ್ತು. ಗಾಳಿಯ ವೇಗ ಅಳೆಯುವ ಬಟ್ಟಲುಗಳ ತೋಳು ಬಿಸಿಲಿಗೆ ಪೆಡಸಾಗಿ ಬುಡದಲ್ಲಿ ಮುರಿದವು. ಗಾಳಿಯ ವೇಗಕ್ಕೆ ನೌಕಾಧಿಕಾರಿ ಬ್ಯೂಫೋರ್ಟ್ 1805ರಲ್ಲಿ ಹಡಗಿಗೆಂದು ಮಾಡಿದ, ಆಮೇಲೆ ಬೇರೆಯವರು ನೆಲಕ್ಕೂ ಹೊಂದಿಸಿದ ಮಾಪನವೇ ಸಾಕು, ಖರ್ಚಿಲ್ಲ: ಎಲೆ ಸರಸರ ಎಂದರೆ 2, ಎಲೆ ಮತ್ತು ಸಣ್ಣ ಕಡ್ಡಿ ಅಲ್ಲಾಡುತ್ತಲೇ ಇದ್ದರೆ 3, ಧೂಳು ಕಾಗದ ಹಾರಿದರೆ 4. ದಿಕ್ಕಿನ ಬಾಣಕ್ಕೆ ಬಾಲ ಅಗಲ, ತಲೆ ಚಿಕ್ಕದು, ಗುಂಡುಪಿನ್ನು ತೂಕದ ನಡುಬಿಂದುವಿನಲ್ಲಿ, ಕೆಳಗೊಂದು ಮಣಿ. ಗಾಳಿ ಎಲ್ಲಿಂದ ಬರುತ್ತದೋ ಆ ದಿಕ್ಕಿನ ಹೆಸರು ಎಂಬುದನ್ನು ಮಕ್ಕಳು ಮೂರ್ನಾಲ್ಕು ವಾರ ತಿರುಗಾಮುರುಗಾ ಹೇಳುತ್ತಾರೆ. ಬಾಣದ ತಲೆ ತೋರಿಸಿದ್ದೇ ಉತ್ತರ ಎಂದುಬಿಟ್ಟರೆ ಸರಿಹೋಗುತ್ತದೆ. ಮೋಡಕ್ಕೆ ಎಂಟು ಸಮಚೌಕದ ಗೆರೆ ಎಳೆದ ಕನ್ನಡಿ ನೆಲದ ಮೇಲಿಡಿ, ಸೂರ್ಯ ಅದರಲ್ಲಿ ಕಾಣದಂತೆ. ಮೋಡ ತುಂಬಿದ ಚೌಕ ಎಣಿಸುವುದು. ಮೋಡದ ಬಗೆಗಳಿಗೆ ರಾಶಿ, ಪದರ, ಹಿಮಕಣ ಎಂಬ ಮೂರೇ ಹೆಸರು ಸಾಕು.

ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ ಎಂದು ಮಕ್ಕಳು ಹೇಳಿದಾಗ ಟಾರ್ಚು ತೆಗೆಯಿರಿ. ಚೌಕುಳಿ ಕಾಗದದ ಮೇಲೆ ನೆಟ್ಟಗೆ ಹಿಡಿದರೆ ಇಪ್ಪತ್ತು ಚೌಕ ಬೆಳಗಿದರೆ, ಅಷ್ಟೇ ದೂರದಿಂದ ಕಾಗದಕ್ಕೆ 30 ಡಿಗ್ರಿ ಕೋನದ ಓರೆಯಲ್ಲಿ ನಲವತ್ತರ ಹತ್ತಿರ. ಅದೇ ಬೆಳಕು ಎರಡು ಪಟ್ಟು ಜಾಗಕ್ಕೆ ಹರಡಿತು. ಭೂಮಿ ಸೂರ್ಯನಿಗೆ ತೀರ ಹತ್ತಿರ ಇರುವುದು ಜನವರಿಯ ಆರಂಭದಲ್ಲಿ ಎಂದು ಆಮೇಲೆ ಹೇಳಿ. ಟಾರ್ಚಿನ ಮುಂದೆ ಕಪ್ಪು ಕಾಗದದ ಕೊಳವೆ ಸುತ್ತದಿದ್ದರೆ ಅಂಚು ಮಸುಕಾಗಿ ಎಣಿಕೆ ಜಗಳವಾಗುತ್ತದೆ.

ಕೊನೆಗೆ ಒಂದು ಆಟ. ನಾಳೆಯ ಬಣ್ಣ ಯಾವುದು ಎಂದು ಪ್ರತಿ ಮಗುವೂ ಇಂದೇ ಚೀಟಿ ಹಾಕಬೇಕು. ಅವರ ಜೊತೆ ಒಬ್ಬ ಕಲ್ಪನೆಯ ಎದುರಾಳಿ ಇರುತ್ತಾನೆ. ಅವನಿಗೆ ಬುದ್ಧಿ ಇಲ್ಲ, ಇಂದಿನ ಬಣ್ಣವೇ ನಾಳೆಗೂ ಎಂದು ಬರೆಯುತ್ತಾನೆ. ಮೊದಲ ತಿಂಗಳುಗಳಲ್ಲಿ ಬಹುಪಾಲು ಮಕ್ಕಳನ್ನು ಅವನು ಸೋಲಿಸುತ್ತಾನೆ. ಅವನು ಮುಗ್ಗರಿಸುವುದು ಋತು ಹೊರಳುವ ವಾರಗಳಲ್ಲಿ. ಅಷ್ಟು ಹೊತ್ತಿಗೆ ಹಿಂದಿನ ವರ್ಷದ ಸರದಲ್ಲಿ ಇದೇ ವಾರ ಏನಾಗಿತ್ತು ಎಂದು ಹುಡುಕಲು ಕೆಲವು ಮಕ್ಕಳು ತಾವಾಗಿಯೇ ಗೋಡೆಯ ಕಡೆ ಹೋಗಿರುತ್ತಾರೆ. ಆ ಚೀಟಿಗಳಿಗೆ ಅಂಕ ಕೊಡುವ ಕ್ರಮವನ್ನು ಪೂರ್ತಿ ಬರೆಯುವುದಿಲ್ಲ, ನಿಮ್ಮ ತರಗತಿಗೆ ತಕ್ಕದ್ದನ್ನು ನೀವೇ ಮಾಡಿಕೊಳ್ಳಿ. ಒಂದು ಮಾತ್ರ: ಸರಿ ಬಣ್ಣಕ್ಕೆ 2, ಪಕ್ಕದ ಬಣ್ಣಕ್ಕೆ 1 ಇರಲಿ, ಇಲ್ಲದಿದ್ದರೆ ಎರಡನೇ ವಾರಕ್ಕೇ ಅರ್ಧ ತರಗತಿ ಆಟ ಬಿಡುತ್ತದೆ.