ವೇಲ್ಸ್‌ನ ಹಳೆ ಕಲ್ಲುಮನೆ: ಗೋಡೆಯಿಂದ ಶುರುಮಾಡಿ ಓದಿದ್ದು

ಹಳೆ ಮನೆಯ ಚರಿತ್ರೆ ಬೇಕು ಅಂದರೆ ಜಾಸ್ತಿ ಜನ ಮೊದಲು ದಾಖಲೆ ಹುಡುಕಲು ಹೋಗುತ್ತಾರೆ. ನಾನು ಮೊದಲು ಗೋಡೆ ನೋಡುತ್ತೇನೆ. ಉತ್ತರ ವೇಲ್ಸ್‌ನಲ್ಲಿ ಹಳೆ ಕಟ್ಟಡಗಳನ್ನು ಅಳೆದು ರಿಪೇರಿ ಮಾಡಿಸುವುದು ನನ್ನ ಕೆಲಸ. ಎರಿರಿ ಬೆಟ್ಟಸೀಮೆಯ, ಅಂದರೆ ಸ್ನೋಡೋನಿಯಾದ, ಒಂದು ರೈತಮನೆಯಲ್ಲಿ ನಾನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೋಡೆ ಎರಡು ಅಡಿಗೂ ಹೆಚ್ಚು ದಪ್ಪ. ಒಳಗೊಂದು, ಹೊರಗೊಂದು ಕಲ್ಲಿನ ಸಾಲು. ನಡುವೆ ಚೂರುಕಲ್ಲು, ಮಣ್ಣು. ಮೂಲೆಗಳಲ್ಲಿ ನೆಲದ ಮಟ್ಟಕ್ಕೆ ಭಾರಿ ಬಂಡೆಗಳು ಹೊರಗೆ ಚಾಚಿಕೊಂಡಿವೆ. ಆ ಬಂಡೆ ಕಂಡ ಕೂಡಲೇ ಇದು ಹಳೆಯದೇ ಇರಬೇಕು ಅನ್ನಿಸಿತು. ಈ ಸೀಮೆಯ 16ನೇ ಶತಮಾನದ ಮನೆಗಳಲ್ಲಿ ಅಂಥ ಪಾಯ ನೋಡಿದ್ದೇನೆ.

ಉದ್ದಗೋಡೆಯಲ್ಲಿ ಒಂದು ಕಡೆ ನೆಲದಿಂದ ಸೂರಿನವರೆಗೂ ಸಂದು ನೆಟ್ಟಗೆ ಏರಿದೆ. ಒಟ್ಟಿಗೇ ಕಟ್ಟಿದ ಗೋಡೆಯಲ್ಲಿ ಕಲ್ಲುಗಳು ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಸಂದು ಹೀಗೆ ನೆಟ್ಟಗಿದ್ದರೆ ಒಂದು ಭಾಗ ಆಮೇಲೆ ಬಂದಿದೆ ಅಂತ ಲೆಕ್ಕ. ಯಾವುದು ಮೊದಲು? ದೊಡ್ಡ ಮೂಲೆಗಲ್ಲುಗಳು ಯಾವ ಕಡೆ ಇವೆಯೋ ಆ ಭಾಗ ಮೊದಲು. ಇಲ್ಲಿ ಇಳಿಜಾರಿನ ಮೇಲ್ಗಡೆಯ ತುದಿ ಹಳೆಯದು, ಕೆಳಗಡೆಯದು ಸೇರಿಸಿದ್ದು.

ಒಳಗೆ ಎದುರುಬದುರು ಎರಡು ಬಾಗಿಲು, ನಡುವೆ ಅಡ್ಡಕ್ಕೆ ಹಾದುಹೋಗುವ ಓಣಿ. ಅದರ ಒಂದು ಪಕ್ಕ ದೊಡ್ಡ ಕೋಣೆ, ಇನ್ನೊಂದು ಪಕ್ಕ ಎರಡು ಸಣ್ಣ ಕೋಣೆ. ದೊಡ್ಡ ಕೋಣೆಯ ಕೊನೆಗೆ ಆಳುದ್ದದ ಒಲೆಗೂಡು. ಅದರ ಪಕ್ಕದಲ್ಲೇ ಗೋಡೆಯೊಳಗೆ ಸುತ್ತಿಕೊಂಡು ಏರುವ ಕಲ್ಲಿನ ಮೆಟ್ಟಿಲು. ಇದೇ ಬಗೆಯ ಮನೆ ನೋಡಬೇಕಿದ್ದರೆ ಕಾರ್ಡಿಫ್ ಹತ್ತಿರದ ಸೇಂಟ್ ಫಾಗನ್ಸ್ ಮ್ಯೂಸಿಯಂಗೆ ಹೋಗಿ. 1544ರ ಗರ್ರೆಗ್ ವೌರ್ ಎಂಬ ರೈತಮನೆಯನ್ನು ವಾಯುವ್ಯ ವೇಲ್ಸ್‌ನಿಂದ ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ನಕ್ಷೆಗಿಂತ ಅದರೊಳಗೆ ಓಡಾಡಿದ್ದೇ ನನಗೆ ಜಾಸ್ತಿ ಕಲಿಸಿತು.

ಒಲೆಯ ಮೇಲಿನ ಓಕ್ ತೊಲೆಯಲ್ಲಿ ಹನಿಯ ಆಕಾರದ ಸುಟ್ಟ ಗುರುತುಗಳಿವೆ. ಕೆಡುಕು ಒಳಗೆ ಬಾರದಿರಲಿ ಎಂದು ಹಚ್ಚಿದ ಬತ್ತಿಯಿಂದ ಬೇಕೆಂದೇ ಸುಡುತ್ತಿದ್ದರು ಅಂತ ಹಲವರು ನಂಬುತ್ತಾರೆ. ಅದನ್ನು ಉಜ್ಜಿ ಹೊಳಪು ಮಾಡಿಸುವ ಮಾತು ಬಂತು. ನಾನು ಬಿಡಲಿಲ್ಲ. ಒಮ್ಮೆ ಉಜ್ಜಿದರೆ ಮುಗಿಯಿತು, ಅಲ್ವಾ?

ಅಟ್ಟ ಹತ್ತುವ ಮೊದಲು ಬಾವಲಿ ಇದೆಯೇ ಎಂದು ತಜ್ಞರಿಂದ ನೋಡಿಸಿದೆ. ಇಲ್ಲಿ ಬಾವಲಿಗೆ ಕಾನೂನಿನ ರಕ್ಷಣೆ ಇದೆ. ಮೇಲೆ ಓಕ್ ಮರದ ಗೂಟಗಳು, ಬಡಗಿ ಉಳಿಯಿಂದ ಕೆತ್ತಿದ ಲೆಕ್ಕದ ಗೆರೆಗಳು. ಒಂದು ತೊಲೆಯಲ್ಲಿ ಏನೂ ಕೂಡಿಸದ ಖಾಲಿ ತೂತುಗಳಿದ್ದವು. ಅದು ಬೇರೆಲ್ಲೋ ಕೆಲಸ ಮಾಡಿ ಬಂದ ಮರ. ಅದರ ವಯಸ್ಸನ್ನೇ ಮನೆಯ ವಯಸ್ಸು ಅನ್ನುವ ಹಾಗಿಲ್ಲ. ಮರದ ಉಂಗುರ ಎಣಿಸಿ ಕಾಲ ಹೇಳುವವರು ತೊಗಟೆಯ ಅಂಚು ಉಳಿದಿರುವ ತೊಲೆಯನ್ನೇ ಹುಡುಕುತ್ತಾರೆ. ಆ ಅಂಚು ಇದ್ದರೆ ಮರ ಕಡಿದ ವರ್ಷವೇ ಸಿಗಬಹುದು. ಓಕನ್ನು ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರು. ಹಾಗಾಗಿ ಕಡಿದ ಒಂದೆರಡು ವರ್ಷದಲ್ಲೇ ಮನೆ ಎದ್ದಿರುತ್ತದೆ.

ಇಷ್ಟಾದ ಮೇಲೆ ಕಾಗದ. 1836ರ ಕಾಯ್ದೆಯ ನಂತರ ಊರೂರಿಗೂ ತಯಾರಾದ ಟೈಥ್ (ಚರ್ಚಿಗೆ ಕೊಡಬೇಕಿದ್ದ ಬೆಳೆಯ ಹತ್ತನೇ ಒಂದು ಪಾಲು) ನಕ್ಷೆಗಳನ್ನು ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯ ಇಂಟರ್ನೆಟ್ಟಿನಲ್ಲಿ ಇಟ್ಟಿದೆ. ಒಡೆಯ ಯಾರು, ಉಳುವವರು ಯಾರು, ಹೊಲದ ಹೆಸರೇನು, ಎಷ್ಟು ಎಕರೆ, ಎಲ್ಲ ಸಿಗುತ್ತದೆ. 1841ರಿಂದ ಜನಗಣತಿಯಲ್ಲಿ ಮನೆಮಂದಿಯ ಹೆಸರೂ ಇದೆ.

ನಿಜವಾದ ಕಷ್ಟ ಸಿಮೆಂಟಿನದು. ಕಳೆದ ಶತಮಾನದಲ್ಲಿ ಯಾರೋ ಸಂದುಗಳಿಗೆಲ್ಲ ಗಟ್ಟಿ ಸಿಮೆಂಟ್ ತುಂಬಿದ್ದರು. ಇಲ್ಲಿ ಮಳೆ ಗಾಳಿಯ ಜೊತೆ ಅಡ್ಡಡ್ಡ ಹೊಡೆಯುತ್ತದೆ. ಸಿಮೆಂಟಿನ ಕೂದಲೆಳೆ ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಇಲ್ಲ. ಒಳಗೋಡೆ ಸದಾ ಒದ್ದೆ, ತೊಲೆಯ ತುದಿ ಕೊಳೆಯಲು ಶುರು. ಸುಣ್ಣದ ಗಾರೆ ಹಾಗಲ್ಲ. ಅದು ನೀರನ್ನು ಹೀರಿ, ಬಿಸಿಲು ಗಾಳಿ ಬಂದಾಗ ಬಿಟ್ಟುಕೊಡುತ್ತದೆ.

ಇದು ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ ಕಟ್ಟಡ. ಒಪ್ಪಿಗೆ ಇಲ್ಲದೆ ಇಂಥ ಕೆಲಸಕ್ಕೆ ಕೈ ಹಾಕುವಂತಿಲ್ಲ. ಒಪ್ಪಿಗೆ ಬಂದ ಮೇಲೆ ಸುತ್ತಿಗೆ, ಉಳಿ ಹಿಡಿದು ಸಿಮೆಂಟನ್ನು ಕೈಯಲ್ಲೇ ಕಿತ್ತೆವು. ಕತ್ತರಿಸುವ ಮೆಷಿನ್ ಕಲ್ಲಿನ ಅಂಚು ತಿನ್ನುತ್ತದೆ, ಅದನ್ನು ಮುಟ್ಟಲೇ ಇಲ್ಲ. ಸಂದನ್ನು ನೀರಿನಿಂದ ತೊಳೆದು, ದಪ್ಪ ಮರಳಿನ ಸುಣ್ಣದ ಗಾರೆಯನ್ನು ಒತ್ತಿ ತುಂಬಿದೆವು. ಸ್ವಲ್ಪ ಬಿಗಿಯಾದ ಮೇಲೆ ಗಡಸು ಬ್ರಷ್‌ನಿಂದ ಕುಟ್ಟಿದೆವು. ಆಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟೆವು. ಬೇಗ ಒಣಗಿದರೆ ಗಾರೆ ಪುಡಿಯಾಗುತ್ತದೆ. ಹಸಿ ಇದ್ದಾಗ ಮಂಜುಗಡ್ಡೆ ಕಟ್ಟಿದರೂ ಕೆಡುತ್ತದೆ. ಹಾಗಾಗಿ ಚಳಿಗಾಲದಲ್ಲಿ ಕೆಲಸ ನಿಲ್ಲಿಸಲೇಬೇಕು.

ಇಳಿಜಾರಿನ ಕೆಳತುದಿಯ ಭಾಗ ಇನ್ನೂ ಬಾಕಿ ಇದೆ. ಅದು ದನದ ಕೊಟ್ಟಿಗೆ ಆಗಿತ್ತು ಅಂತ ನನ್ನ ಊಹೆ. ಈಗಿನ ನೆಲದ ಕೆಳಗೆ ಗಂಜಲ ಹರಿಯುವ ಕಲ್ಲಿನ ಚರಂಡಿ ಸಿಕ್ಕರೆ ಊಹೆಗೆ ಬಲ ಬರುತ್ತದೆ. ಅಲ್ಲಿಯವರೆಗೆ ನನ್ನ ನಕ್ಷೆಯಲ್ಲಿ ಆ ಕೋಣೆಗೆ ಹೆಸರು ಬರೆಯುವುದಿಲ್ಲ.